ಕಲ್ಲಿನಲ್ಲಿ ಉಳಿದ ನಾಲ್ಕು ಸ್ಕ್ರೂ

ಸ್ಮಾರಕದ ಕಲ್ಲು ನಿಂತಲ್ಲೇ ನಿಂತಿತ್ತು. ಅದರ ಮೇಲಿನ ಕಂಚಿನ ಫಲಕ ಮಾತ್ರ ಇರಲಿಲ್ಲ.

ಭಾನುವಾರದ ಪ್ರಾರ್ಥನೆ ಮುಗಿಸಿ ಹೂ ಹಿಡಿದು ಬಂದ ವಿನಿಫ್ರೆಡ್ ಡ್ಯಾನಟ್ ನಿಂತಲ್ಲೇ ನಿಂತಳು. ಫಲಕಕ್ಕೆ ಹೊದಿಸಿದ್ದ ನೀಲಿ ಬಟ್ಟೆಯನ್ನು ಯಾರೋ ನೀಟಾಗಿ ಮಡಿಸಿ ಹುಲ್ಲಿನ ಮೇಲಿಟ್ಟಿದ್ದರು. ಮೂರು ಗಂಟೆಗೆ ಅನಾವರಣ. ಸತ್ತವರ ಏಳು ಮನೆಯವರೂ ಬರುವವರಿದ್ದರು.

ಏಳು ಹೆಸರುಗಳಲ್ಲಿ ಮೊದಲನೆಯದು ಅವಳ ತಮ್ಮ ಎಡ್ಗರ್‌ನದು. ನಲವತ್ತಮೂರು ವರ್ಷದ ಹಿಂದೆ, ಯುದ್ಧಕಾಲದಲ್ಲಿ, ಅವನು ನಡೆಸುತ್ತಿದ್ದ ಬಾಂಬರ್ ವಿಮಾನ ಇಲ್ಲಿದ್ದ ವಾಯುಪಡೆಯ ರನ್‌ವೇಯಿಂದ ಎದ್ದು ಎರಡು ಮೈಲಿ ದಾಟುವ ಮೊದಲೇ ಬಿದ್ದು ಉರಿದಿತ್ತು. ಈಗ ರನ್‌ವೇಯ ಬಹುಪಾಲು ಸಕ್ಕರೆ ಬೀಟಿನ ಹೊಲ.

"ಅಮ್ಮಾವ್ರೇ, ಏನನ್ನೂ ಮುಟ್ಬೇಡಿ!" ಪೇದೆ ಮಾಲ್ಟ್‌ಬಿ ಸೈಕಲ್ಲಿನಿಂದ ಧುಮುಕಿದ.

"ಮುಟ್ಟೋಕೆ ಏನುಳಿದಿದೆಯಪ್ಪ?"

"ಕಳ್ಳ ಯಾರು ಅಂತ ನಂಗೊತ್ತು. ಗುಜರಿ ಕರ್ಕ್! ಬೆಳಿಗ್ಗೆ ಅವನ ಲಾರಿ ಈ ದಾರೀಲೇ ಹೋಗಿದೆ."

"ನೋಡಿದ್ದು ಯಾರು?"

"ಹೊಲದ ಯಜಮಾನ ಬ್ರಾಕನ್‌ಬರಿ."

"ಕಲ್ಲು ನೋಡೋಕೆ ಬಂದ ಜನ ಬೀಟು ತುಳೀತಾರೆ ಅಂತ ಕೂಗಾಡಿದವನೂ ಅವನೇ ಅಲ್ವಾ?"

ಮಾಲ್ಟ್‌ಬಿ ತಲೆ ಕೆರೆದುಕೊಂಡ. "ಹಾಗಾದ್ರೆ ಇಬ್ಬರನ್ನೂ ಹಿಡೀಲಾ?"

"ಪಾದ್ರಿಗಳನ್ನೂ ಸೇರಿಸ್ಕೋ. ಇವತ್ತು ಪ್ರಸಂಗ ಬೇಗ ಮುಗಿಸಿದ್ರು."

ಹಾಸ್ಯ ಅವಳ ಬಾಯಲ್ಲಿತ್ತು, ಮನಸ್ಸಿನಲ್ಲಿರಲಿಲ್ಲ. ಅವಳು ಬಾಗಿ ಕಲ್ಲನ್ನು ನೋಡಿದಳು. ಒಂದು ಗೀರೂ ಇಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ತೂತು. ನಾಲ್ಕರಲ್ಲೂ ಒಂದೊಂದು ಹಿತ್ತಾಳೆ ಸ್ಕ್ರೂ — ಪೂರ್ತಿ ಬಿಗಿಯಾಗಿಲ್ಲ, ಬೀಳುವಂತೆಯೂ ಇಲ್ಲ.

"ಕರ್ಕ್ ಆಗಿದ್ರೆ ಇವನ್ನ ಬಿಟ್ಟು ಹೋಗ್ತಿದ್ನಾ?"

"ಅವಸರದಲ್ಲಿ ಮರೆತಿರ್ತಾನೆ."

"ಅವಸರದವನು ಬಟ್ಟೆ ಮಡಿಸ್ತಾನಾ? ಇಲ್ಲಿ ಹುಲ್ಲು ಕತ್ತರಿಸಿದ್ದು ಯಾರು?"

"ಸಿಡ್ ಆಡ್ಲಿಂಗ್, ಇನ್ಯಾರು? ಏಳಕ್ಕೆ ಮುಗಿಸಿ ಹೋದನಂತೆ. ಆಗ ಫಲಕ ಇತ್ತಂತೆ. ಪಾಪ, ಅವನ ಮೇಲೆ ಅನುಮಾನ ಬೇಡ."

ವಿನಿಫ್ರೆಡ್ ಪ್ರಾರ್ಥನಾ ಪುಸ್ತಕವನ್ನು ಎದೆಗೊತ್ತಿಕೊಂಡಳು. ಅದರೊಳಗೊಂದು ಮಡಿಸಿದ ಕಾಗದವಿತ್ತು. ಎಷ್ಟೋ ವರ್ಷದಿಂದ ಅದು ಅಲ್ಲೇ ಇತ್ತು.

"ಮೂರು ಗಂಟೆವರೆಗೆ ಯಾರನ್ನೂ ಹಿಡೀಬೇಡ, ಮಗು."

*

ಸಿಡ್ ತನ್ನ ಷೆಡ್ಡಿನ ಬಾಗಿಲಲ್ಲಿ ಕುಳಿತು ಟೀ ಕುಡಿಯುತ್ತಿದ್ದ. ಯುದ್ಧಕಾಲದಲ್ಲಿ ಎಡ್ಗರ್‌ನ ವಿಮಾನಕ್ಕೆ ಅವನೇ ಮೆಕ್ಯಾನಿಕ್. ವಿನಿಫ್ರೆಡ್ ಆಗ ಅಲ್ಲೇ ಟೀ ಗಾಡಿ ಓಡಿಸುತ್ತಿದ್ದಳು.

"ಬಾ ವಿನ್ನಿ. ನೀನು ಆಗ ಕೊಡ್ತಿದ್ದ ಟೀಗಿಂತ ಇದು ವಾಸಿ."

"ಆ ಟೀ ಕುಡಿದೇ ಇಷ್ಟು ದಿನ ಬದುಕಿದ್ದೀಯ. ಫಲಕ ಎಲ್ಲಿ, ಸಿಡ್?"

ಲೋಟ ತುಟಿಯ ಹತ್ತಿರವೇ ನಿಂತಿತು.

"ಮಾಲ್ಟ್‌ಬಿ ಕಳಿಸಿದ್ನಾ?"

"ಇಲ್ಲ. ನಾಲ್ಕು ಸ್ಕ್ರೂ ಕಳಿಸಿದ್ವು."

ಅವನು ಲೋಟ ಕೆಳಗಿಟ್ಟ.

"ವಿಮಾನದಿಂದ ಏನು ಬಿಚ್ಚಿದ್ರೂ ಸ್ಕ್ರೂನ ಅದರದೇ ತೂತಿಗೆ ಮೂರು ಸುತ್ತು ತಿರುಗಿಸಿಡ್ಬೇಕು. ನೆಲದ ಮೇಲೆ ಒಂದು ಸ್ಕ್ರೂ ಬಿದ್ದಿದ್ರೆ ಸಾಕು, ಟಯರ್ ಸಿಡಿದು ಏಳು ಜನ ಸಾಯ್ತಾರೆ. ಹಾಗಂತ ನೀನು ಹುಡುಗರಿಗೆ ಬೈತಿದ್ದದ್ದು ನನ್ನ ಗಾಡಿವರೆಗೂ ಕೇಳಿಸ್ತಿತ್ತು. ಆ ಕಟ್ಟುನಿಟ್ಟು ಗೊತ್ತಿರೋರು ಈ ಊರಲ್ಲಿ ಈಗ ಇಬ್ಬರೇ. ನಾನಂತೂ ಬಿಚ್ಚಿಲ್ಲ."

ಸಿಡ್ ತನ್ನ ಕೈಗಳನ್ನು ನೋಡಿಕೊಂಡ. "ಹಾಳು ಕೈ! ಕದಿಯೋವಾಗಲೂ ಬುದ್ಧಿ ಬಿಡ್ಲಿಲ್ಲ." ಎದ್ದು, ಆಲೂಗಡ್ಡೆ ಚೀಲದ ಹಿಂದಿನಿಂದ ಫಲಕ ತೆಗೆದ. "ಒರೆಸೋಣ ಅಂತ ಬಟ್ಟೆ ಎತ್ತಿದೆ. ಕೊನೇ ಸಾಲು ಕಾಣಿಸ್ತು. ನೀನೇ ಓದು."

ಓದಬೇಕಾಗಿರಲಿಲ್ಲ. ಶುಕ್ರವಾರದ ಸ್ಮಾರಕ ಸಮಿತಿಯ ಸಭೆಯಲ್ಲಿ ಅವಳು ಅದನ್ನು ಕೇಳಿದ್ದಳು. ಕಾರ್ಯದರ್ಶಿ ಅಪಘಾತದ ವಿಚಾರಣೆಯ ಹಳೆಯ ಕಡತದಿಂದ ಎತ್ತಿ ಬರೆಸಿದ್ದ ಸಾಲು: 'ಎಂಜಿನ್ ದುರಸ್ತಿಯ ಲೋಪದಿಂದ ಮಡಿದವರು.' ಕೇಳಿಯೂ ಸುಮ್ಮನಿದ್ದಳು.

"ಎಡಗಡೆ ಎಂಜಿನ್ ಎಣ್ಣೆ ಕಾರ್ತಿದೆ, ಇವತ್ತು ಬೇಡ ಅಂತ ಎಡ್ಗರ್‌ಗೆ ಹೇಳಿದ್ದೆ. ದುರಸ್ತಿ ಪುಸ್ತಕದಲ್ಲಿ ಬರೀಬೇಡ ಅಂದ. ನಕ್ಕು, ವಿಮಾನ ಸರಿಯಿದೆ ಅಂತ ರುಜು ಹಾಕಿ ಹೋದ. ವಿಚಾರಣೇಲಿ ನನ್ನ ಮಾತು ಯಾರು ನಂಬಿದ್ರು? ಅವನ ಜೊತೆ ಸತ್ತ ಗನ್ನರ್ ಜ್ಯಾಕ್‌ನ ತಾಯಿ ಇವತ್ತಿಗೂ ನನ್ನ ಕಂಡ್ರೆ ಗಾಲಿಕುರ್ಚಿ ತಿರುಗಿಸ್ಕೊಂಡು ರಸ್ತೆಯ ಆ ಕಡೆ ಹೋಗ್ತಾಳೆ. ಅದನ್ನ ಸಹಿಸಿದೆ. ಆದ್ರೆ ಕಂಚಿನಲ್ಲಿ ಕೆತ್ತಿದ್ರೆ... ನಾನು ಸತ್ತ ಮೇಲೂ ಮೊಮ್ಮಕ್ಕಳು ಓದ್ಬೇಕಲ್ಲ, ವಿನ್ನಿ!"

ವಿನಿಫ್ರೆಡ್ ಫಲಕವನ್ನು ಅವನತ್ತ ತಳ್ಳಿದಳು.

"ಸ್ಕ್ರೂಡ್ರೈವರ್ ತಗೋ. ಮೂರರೊಳಗೆ ಫಲಕ ಅದರ ಜಾಗದಲ್ಲಿರಬೇಕು."

"ಆ ಸಾಲಿನ ಸಮೇತನಾ?"

"ಸಮೇತ. ಉಳಿದದ್ದು ನನ್ನ ಕೆಲಸ."

*

ಮೂರು ಗಂಟೆ. ಪಾದ್ರಿಗಳು ಪ್ರಾರ್ಥನೆ ಹೇಳಿದರು. ಬಟ್ಟೆ ಸರಿಯಿತು. ಕಂಚು ಹೊಳೆಯಿತು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಜ್ಯಾಕ್‌ನ ತಾಯಿ ಶ್ರೀಮತಿ ಬ್ಲಾಂಚರ್ಡ್ ಕುಳಿತಿದ್ದಳು — ಎಂಬತ್ತೊಂಬತ್ತು ವರ್ಷ, ಬಾಗದ ಬೆನ್ನು.

ಮಾಲ್ಟ್‌ಬಿ ಪಿಸುಗುಟ್ಟಿದ: "ಫಲಕ ಹೇಗೆ ಬಂತು? ಕಳ್ಳ ಯಾರು, ಅಮ್ಮಾವ್ರೇ?"

"ಎಲ್ಲರ ಮುಂದೆ ಹೇಳ್ತೀನಿ."

ಹಿಂದೆ ನಿಂತಿದ್ದ ಸಿಡ್ ಟೋಪಿ ತೆಗೆದು ತಲೆ ತಗ್ಗಿಸಿದ.

ವಿನಿಫ್ರೆಡ್ ಮುಂದೆ ಬಂದು ಪ್ರಾರ್ಥನಾ ಪುಸ್ತಕದಿಂದ ಕಾಗದ ಬಿಡಿಸಿದಳು. ಗಟ್ಟಿಯಾಗಿ ಓದಿದಳು.

"'ಅಕ್ಕಾ, ಎಂಜಿನ್ ಸರಿಯಿಲ್ಲ, ಹೋಗಬೇಡ ಅಂತ ಸಿಡ್ ಹೇಳಿದ. ನಾನು ಉಳಿದರೆ ನನ್ನ ಬದಲು ಇನ್ನೊಬ್ಬ ಹೋಗಬೇಕು. ಅದಕ್ಕೇ ಬರೆಯಬೇಡ ಅಂದೆ. ಏನಾದರೂ ಆದರೆ ಅವನನ್ನು ಯಾರೂ ದೂರದಂತೆ ನೋಡಿಕೋ. — ಎಡ್ಗರ್.'"

ಬೀಟಿನ ಹೊಲದ ಮೇಲೆ ಗಾಳಿ ಬೀಸಿತು.

"ಇದು ಅವನ ಹಾಸಿಗೆ ಮೇಲಿತ್ತು. ಆರು ಜನರನ್ನ ಕೊಂದವನು ಅಂತ ನನ್ನ ತಮ್ಮನನ್ನ ಯಾರಾದ್ರೂ ಅಂದಾರು ಅಂತ ಬಚ್ಚಿಟ್ಟೆ. ದೇವರ ಮುಂದೆ ದಿನಾ ಮಂಡಿಯೂರಿದೆ, ಸಿಡ್ ಮುಂದೆ ಒಂದು ದಿನವೂ ಬಾಯಿ ಬಿಡ್ಲಿಲ್ಲ. ಫಲಕ ಕಾಣೆಯಾಗಿದ್ದು ಒಂದು ಬೆಳಿಗ್ಗೆ. ಇದು ಕಾಣೆಯಾಗಿದ್ದು ನಲವತ್ತಮೂರು ವರ್ಷ. ಮಾಲ್ಟ್‌ಬಿ, ಬರ್ಕೋ — ಕಳ್ಳಿಯ ಹೆಸರು ವಿನಿಫ್ರೆಡ್ ಡ್ಯಾನಟ್."

ಶ್ರೀಮತಿ ಬ್ಲಾಂಚರ್ಡ್ ಅವಳತ್ತ ನೋಡಲೇ ಇಲ್ಲ. ಕುರ್ಚಿಯನ್ನು ಕಷ್ಟಪಟ್ಟು ಹಿಂದಕ್ಕೆ ತಿರುಗಿಸಿದಳು.

"ಸಿಡ್ ಆಡ್ಲಿಂಗ್, ಬಾ ಇಲ್ಲಿ."

ಅವನು ಬಂದು ನಿಂತ. ಮುದುಕಿ ಅವನ ತೋಳನ್ನು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕಲ್ಲಿನತ್ತ ಗದ್ದವೆತ್ತಿ ಹೇಳಿದಳು:

"ಬಿಚ್ಚು ಅದನ್ನ. ಆ ಸಾಲು ಅಳಿಸಿ ತಂದು ಹಾಕು."

ಸಿಡ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಊರೆಲ್ಲ ನೋಡುತ್ತಿರಲು ಫಲಕ ಎರಡನೆಯ ಸಲ ಕೆಳಗಿಳಿಯಿತು. ಅದನ್ನು ಹುಲ್ಲಿನ ಮೇಲಿಟ್ಟು, ಅವನು ಒಂದೊಂದು ಸ್ಕ್ರೂವನ್ನೂ ಅದರದೇ ತೂತಿಗೆ ಮೂರು ಸುತ್ತು ತಿರುಗಿಸಿಟ್ಟ.