ನಾಲ್ಕು ಗಂಟೆಯ ಓದುಗರು

ಕಾನ್ಪುರದ ನನ್ನ ಕೋಣೆಯಲ್ಲಿ ಕೂತೇ ಕನ್ನೌಜಿನ ಮುನವ್ವರ್ ಭಾಯಿಯವರ ಅತ್ತರಿನ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಗೂಗಲ್‌ನಲ್ಲಿ ಅಂಗಡಿ ಮೇಲೆ ಬರಲೆಂದು ಅವರು ದಿನವೂ ತಾವೇ ಹುಡುಕಿ ತಾವೇ ಕ್ಲಿಕ್ ಒತ್ತುತ್ತಿದ್ದರು. ಬೇಡವೆಂದು ಹೇಳಿ ಹೇಳಿ ಸಾಕಾಗಿ, ಅಂಗಡಿಯ ಇಂಟರ್ನೆಟ್‌ನಿಂದ ಬಂದವರನ್ನು ಸೈಟಿನ ವರದಿಯಲ್ಲಿ ಎಣಿಸದಂತೆ ಮಾಡಿದೆ.

ಅಲ್ಲಿಂದಲೇ ಬರುವ ಒಬ್ಬರು ಮಾತ್ರ ಎಣಿಕೆಯಿಂದ ತಪ್ಪಲಿಲ್ಲ. ಸಂಜೆ ನಾಲ್ಕಕ್ಕೆ ಬಂದು, ಮೊದಲ ಮಳೆಯ ವಾಸನೆಯ ಮಣ್ಣಿನ ಅತ್ತರಿನ ಪುಟವನ್ನು ಹನ್ನೊಂದು ನಿಮಿಷ ಓದಿ ಹೋಗುತ್ತಿದ್ದರು. ಅಷ್ಟು ಹೊತ್ತೂ, ಮೇ ತಿಂಗಳ ಬಿಸಿಗಾಳಿಯಲ್ಲಿ, ನನ್ನ ಕೋಣೆ ನೀರು ಚಿಮುಕಿಸಿದ ನೆಲದಂತೆ ಘಮ್ಮೆನ್ನುತ್ತಿತ್ತು. ಕೈಯೊಳಗಿನ ಮೌಸ್ ತಣ್ಣಗಾಗುತ್ತಿತ್ತು.

"ನೀವೇ ತಾನೆ, ಭಾಯಿ?" ಎಂದು ಫೋನಿನಲ್ಲಿ ಕೇಳಿದೆ.

"ನಾಲ್ಕಕ್ಕೆ ನಂಗೆಲ್ಲಿ ಪುರುಸೊತ್ತು ಬೇಟಿ? ಅತ್ತರು ಇಳಿಸೋ ತಾಮ್ರದ ಹಂಡೆಗೆ ಕಿವಿಗೊಟ್ಟು ಕುದಿ ಹೇಗಿದೆ ಅಂತ ಕೇಳ್ತಾ ಕೂತಿರ್ತೀನಿ. ಅಬ್ಬಾ ಹೋದ್ಮೇಲೆ ಆ ಕೆಲಸ ನಂದೇ."

ಆ ಪುಟದ ಮಾತೆಲ್ಲ ಅವರ ಅಬ್ಬಾ ಹೇಳಿ ಬರೆಸಿದ್ದು. ಹಳೆಯ ಧಾಟಿಯೆಂದು ನಾನು ಆ ಪುಟವನ್ನೇ ಅಳಿಸಿ, ಬೇರೆ ಹೊಸ ಪುಟ ಬರೆದೆ. ಎರಡೇ ದಿನದಲ್ಲಿ ಅಂಗಡಿ ಗೂಗಲ್ಲಿನ ಮೊದಲ ಸಾಲಿನಿಂದ ಎಲ್ಲೋ ಕೆಳಗೆ ಬಿತ್ತು.

"ಅಬ್ಬಾನ ಮಾತಿಗೆ ಕೈ ಹಾಕೋಷ್ಟು ದೊಡ್ಡೋಳಾದ್ಯಾ? ವಾಪಸ್ ಹಾಕು," ಎಂದರು ಭಾಯಿ.

ಆರನೆಯ ದಿನ ಹಾಕಿದೆ. ಅಂಗಡಿ ಮತ್ತೆ ಮೇಲೇರಿತು. ಈದ್‌ಗೆ ನನಗೊಂದು ಶೀಶೆ ಮಣ್ಣಿನ ಅತ್ತರು ಬಂತು. ಈಗ ಸಂಜೆ ನಾಲ್ಕಾಗುವುದನ್ನೇ ಖುಷಿಯಿಂದ ಕಾಯುತ್ತೇನೆ. ಆ ಶೀಶೆಯನ್ನು ಇನ್ನೂ ತೆರೆದಿಲ್ಲ.

ಆದರೆ ವರದಿಯನ್ನು ಮೊನ್ನೆ ಮತ್ತೊಮ್ಮೆ ನೋಡಿದೆ. ಅಬ್ಬಾನ ಹಳೆಯ ಪುಟವೇ ಇಲ್ಲದ ಆ ದಿನಗಳಲ್ಲೂ ಸಂಜೆ ನಾಲ್ಕಕ್ಕೆ ಒಬ್ಬರು ಅದನ್ನು ಹನ್ನೊಂದು ನಿಮಿಷ ಓದಿದ್ದಾರೆ.