ಬಾರುಕೋಲಿನ ಗುಂಡಿ

“ಹಳೇ ಎತ್ತು ಬಂದೈತಿ ಅಂತ ಹೇಳ್ರಿ ನಿಮ್ಮ ಸಾಹೇಬರಿಗೆ.”

ನಿಪ್ಪಾಣಿಯ ಆ ಆಫೀಸಿನ ಬಾಗಿಲಲ್ಲಿ ನಿಂತು ಶೀತಲ ಹೇಳಿದ್ದು ಅಷ್ಟೇ. ಒಳಗಿದ್ದ ನಾಲ್ಕೂ ಜನ ಕಂಪ್ಯೂಟರಿನಿಂದ ತಲೆಯೆತ್ತಿದರು. ನಡುವಿನ ಕುರ್ಚಿಯಿಂದ ಎದ್ದುಬಂದವನು ಉತ್ತಮ. ‘ಖಿಲಾರಿ’ ಎಂಬ ಮೊಬೈಲ್ ಆಟ ಮಾಡಿದವನು. ಈಗ ‘ಖಿಲಾರಿ ಎರಡು’ ಮಾಡಿ ಅದನ್ನು ಕೆಡಿಸಿದವನು.

ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಎರಡು ದಿನದ ಹಿಂದೆ ಆಟಗಾರರ ಗುಂಪಿನಲ್ಲಿ ಅವನೇ ಬರೆದದ್ದು: ‘ಹಳೇ ಆಟಗಾರರು ಹಳೇ ಎತ್ತಿದ್ದಂಗ. ಓಡಾಕ ಆಗಂಗಿಲ್ಲ, ಮೇವಿನ ಗ್ವಾದಲಿ ಮುಂದ ನಿಂತು ಒದರತಾವ. ಬರೂ ಭಾನುವಾರ ಹಳೇ ಆಟ ಬಂದ್.’

“ಓದ್ರಿ. ನಿಮ್ಮ ಬಾಯಿಲೆ ಕೇಳಬೇಕಾಗೇತಿ.”

ಅವನು ಫೋನನ್ನು ಪಕ್ಕಕ್ಕೆ ಸರಿಸಿದ.

‘ಖಿಲಾರಿ’ ಎಂದರೆ ಆ ತಳಿಯ ಎತ್ತುಗಳ ಗಾಡಿ ಶರ್ಯತ್ತಿನ, ಓಟದ ಪಂದ್ಯದ ಆಟ. ಎತ್ತುಗಳಿಗೆ ನೀರು ಕುಡಿಸಿ, ಮೈ ತಿಕ್ಕಿ, ದನಿ ಕೊಟ್ಟು ಓಡಿಸಬೇಕು. ಹೊಡೆಯುವುದಕ್ಕೆ ಗುಂಡಿಯೇ ಇರಲಿಲ್ಲ. ಹೊಸ ಆಟದಲ್ಲಿ ನೀರೂ ಇಲ್ಲ, ದನಿಯೂ ಇಲ್ಲ. ಬಾರುಕೋಲಿನ ಗುಂಡಿಯೊಂದಿದೆ. ಒತ್ತಿದಷ್ಟೂ ಎತ್ತು ಓಡುತ್ತದೆ. ಒತ್ತದವರು ಸೋಲುತ್ತಾರೆ.

ಆ ಗುಂಡಿ ಯಾರಿಗಾಗಿ ಎಂದು ಕೇಳಿದಳು. ಹೊಸ ಹುಡುಗರಿಗೆ ನಿಧಾನದ ಆಟ ಬೇಡ, ಮುನ್ನೂರು ಹಳಬರನ್ನು ನಂಬಿ ಆಟ ನಡೆಸಲಾಗದು ಎಂದ ಅವನು. ಶರ್ಯತ್ತಿನಲ್ಲಿ ಹೊಡೆಯದೆ ಯಾರು ಓಡಿಸುತ್ತಾರೆ ಎಂದು ನಕ್ಕ ಕೂಡ.

“ನಮ್ಮಪ್ಪ ಓಡಸ್ಯಾನ. ಹೆಂಗ ಅಂತ ನಾನ ನಿಮಗ ಬರದ ಕಳಿಸಿದ್ನೆಲ್ಲ, ಹದಿನೇಳು ಪುಟ.”

ಅವನ ನಗು ನಿಂತಿತು. “ಹದಿನೇಳು ಪುಟ ಬರದವರು ಶೇಡಬಾಳದ ಶೀತಲ ಕಾಕಾ.”

“ನಾನ ರೀ ಶೀತಲ.”

ಶೇಡಬಾಳ ಕಡೆಯ ಜೈನರ ಮನೆಗಳಲ್ಲಿ ಗಂಡಸರಿಗೂ ಶೀತಲ ಎಂದು ಹೆಸರಿಡುತ್ತಾರೆ. ಓಡುವ ಎತ್ತಿನ ಕಿವಿ ಯಾವಾಗ ಹೊರಳುತ್ತದೆ ಎಂದು ಬಲ್ಲವರು ಮುದುಕರೇ ಇರಬೇಕೆಂದು ಉತ್ತಮ ತಿಳಿದಿದ್ದ. ಎರಡು ವರ್ಷದ ಹಿಂದೆ, ಮೊದಲ ಪತ್ರಕ್ಕೇ ‘ಕಾಕಾ’ ಎಂದು ಉತ್ತರಿಸಿದ್ದ. ಅವಳು ತಿದ್ದಲಿಲ್ಲ.

ಗಂಡ ಭರತ ತೀರಿಕೊಂಡು ಆಗ ಎಂಟು ತಿಂಗಳು. ಮನೆಗೆ ಬಂದವರೆಲ್ಲ ಅವಳ ಎದುರು ದನಿ ತಗ್ಗಿಸುತ್ತಿದ್ದರು. ಕಾಕಾ ಇದು ಹೆಂಗ, ಕಾಕಾ ಅದು ಯಾಕ ಎಂದು ಪೀಡಿಸುತ್ತಿದ್ದವನೊಬ್ಬನೇ ತಗ್ಗಿಸಲಿಲ್ಲ. ಬರಬರುತ್ತ ಅವನು ಬೇರೆಯದನ್ನೂ ಬರೆದ. ಆಟ ಮಾಡುವವನಿಗೆ ಹೆಣ್ಣಿಲ್ಲ ಎಂದು ಮೂರು ಮನೆಯವರು ಹೇಳಿದ್ದನ್ನು ಬರೆದ. ಅವ್ವ ಸತ್ತ ದಿನ ಅಳು ಬರಲಿಲ್ಲ ಎಂದು ಬರೆದ. ತನ್ನ ಮನೆಯಲ್ಲಿ ಸಾವಾದಾಗ ತನಗೂ ಬರಲಿಲ್ಲ ಎಂದು ಅವಳು ಉತ್ತರಿಸಿದ್ದಳು.

ಈಗ ಅವನ ಮುಖ ಕೆಂಪಾಯಿತು. “ಎಲ್ಲಾ ಹೇಳೀನಿ ನಿಮಗ. ಕುಂತು ನಕ್ಕಿರಬೇಕು ನೀವು.”

“ಒಂದೂ ಸುಳ್ಳು ಬರದಿಲ್ಲ ನಾ. ಹೆಸರೂ ನಂದ.” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ವಿಧವಿ ಮಾತು ಯಾರೂ ಕೇಳಂಗಿಲ್ರಿ. ಕಾಕಾನ ಮಾತು ಕೇಳ್ತಾರ. ನೀವೂ ಕೇಳಿದ್ರಿ. ಎಲ್ಲಾ ಕಲತ್ಕೊಂಡು, ಕಡೀಕ ಒಯ್ದು ಗ್ವಾದಲಿಗೆ ಕಟ್ಟಿದ್ರಿ.”

ನನಗಿದ್ದ ಒಂದೇ ಜಾಗ ಆ ಆಟ... ಎನ್ನುವುದನ್ನು ಮಾತ್ರ ಅವಳು ಹೇಳಲಿಲ್ಲ.

ಹಳೇ ಎತ್ತಿನ ಆ ಮಾತನ್ನು ತಾನು ಬರೆದದ್ದು ಯಾಕೆ ಎಂದು ಅವನು ತಡೆತಡೆದು ಹೇಳಿದ. ಹೊಸ ಆಟ ನೋಡಿ ಕಾಕಾ ಬರೆದಿದ್ದರು, ನೀನು ಎತ್ತಿನ ಮೈ ಮುಟ್ಟಿದವನಲ್ಲ ಎಂದು. ಅದು ನಿಜ. ತಂಬಾಕು ವ್ಯಾಪಾರಿಯ ಮಗ ಅವನು. ಬೇರೆ ಯಾರು ಬೈದಿದ್ದರೂ ಸುಮ್ಮನಿರುತ್ತಿದ್ದ...

“ಹಂಗಾರ ಶನಿವಾರ ಶೇಡಬಾಳಕ್ಕ ಬರ್ರಿ. ನಮ್ಮ ಜೋಡಿ ಹೂಡಿಕೊಡ್ತೀನಿ. ಹೊಡೀದ ಹತ್ತ ಹೆಜ್ಜಿ ನಡಸ್ರಿ. ಆಮ್ಯಾಲ ಬೇಕಾರ ನಮ್ಮ ಆಟ ಮುಚ್ರಿ.”

ಬರುವುದಿಲ್ಲ ಎಂದುಕೊಂಡಿದ್ದಳು. ಬಂದ. ಹೊಲಕ್ಕೆ ಬಿಳಿ ಬೂಟು ಹಾಕಿಕೊಂಡು ಬಂದ. ಅದಕ್ಕೂ ಅವಳಿಗೆ ಸಿಟ್ಟು!

ಗಾಡಿಯ ಮುಂದೆ ನಿಂತು ಅವನು ಕರೆದ, ಬೇಡಿದ, ಹಗ್ಗ ಜಗ್ಗಿದ. ಎತ್ತುಗಳು ಮೆಲುಕು ಹಾಕುತ್ತ ನಿಂತವು. ಬದುವಿನ ಮೇಲೆ ಕುಳಿತಿದ್ದ ಶೀತಲಳ ತಂದೆ ಬಾಬಾಸಾಹೇಬ, “ಎತ್ತಿಗೆ ಅರ್ಜಿ ಕೊಡಾಕತ್ಯಾನ ನೋಡ ಇವ,” ಎಂದ. ಪಕ್ಕದ ಹೊಲದ ಲಗಮಪ್ಪ ನಗುತ್ತ ತನ್ನ ಬಾರುಕೋಲು ಚಾಚಿದ.

ಉತ್ತಮ ಅದನ್ನು ನೋಡಿದ.

ಹಿಡಿದರೆ ಮುಗಿಯಿತು ಎಂದುಕೊಂಡಳು ಶೀತಲ.

ಅವನು ಹಿಡಿಯಲಿಲ್ಲ. ಬೂಟು ಕಳಚಿ, ಬಾವಿಯಿಂದ ನೀರು ಹೊತ್ತು ತಂದು ಕುಡಿಸಿದ. ಎಡಗಡೆಯ ಎತ್ತಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತಿಕ್ಕಿದ. ಅವಳ ಪತ್ರದಲ್ಲಿದ್ದ ಹಾಗೆಯೇ, ಕೆಳಗಿನಿಂದ ಮೇಲಕ್ಕೆ. ಆಮೇಲೆ ಅದರ ಕಿವಿಯ ಹತ್ತಿರ ಬಗ್ಗಿ ಸಣ್ಣಗೆ ದನಿ ಕೊಟ್ಟ. ಜೋಡಿ ಹೊರಟಿತು. ಏಳು ಹೆಜ್ಜೆ ನಡೆದು ನಿಂತಿತು.

“ಏಳ ಆದುವು. ಸೋತ್ನಿ,” ಎಂದ. ಮೈಯೆಲ್ಲ ಬೆವೆತಿತ್ತು.

ಅಲ್ಲೇ ನಿಂತು ಆಟಗಾರರ ಗುಂಪಿಗೆ ನಾಲ್ಕು ಸಾಲು ಬರೆದು ಅವಳಿಗೆ ಓದಿದ. “ಹಳೇ ಆಟ ಬಂದ್ ಆಗೂದಿಲ್ಲ. ಹೊಸಾದ್ರಾಗಿನ ಬಾರುಕೋಲಿನ ಗುಂಡಿ ತಗೀತೀನಿ. ಅವತ್ತಿನ ಮಾತು ನಂದು, ತಪ್ಪೂ ನಂದ. ನನಗ ಎತ್ತು ಅಂದ್ರೇನು ಅಂತ ಕಲಿಸಿದಾಕಿ ಶೇಡಬಾಳದ ಶೀತಲ.” ಆಮೇಲೆ ಕೇಳಿದ, “ಕಳಸ್ಲಿ?”

ಅವಳು ಹೂಂ ಎಂದು ತಲೆಯಾಡಿಸಿದಳು. ಬಾಬಾಸಾಹೇಬ ಎದ್ದು, ಲಗಮಪ್ಪನನ್ನೂ ಕರೆದುಕೊಂಡು ಬಾವಿಯ ಕಡೆ ಹೋದ.

ಶೀತಲ ಗಾಡಿ ಹತ್ತಿ ಕುಳಿತಳು. ಕೆಳಗೆ ಅವನು, ಬರಿಗಾಲಲ್ಲಿ.

“ವಾರ ಆತ್ರಿ ನಿಮ್ಮ ಪತ್ರ ಬಂದಿಲ್ಲ. ಬಂತೇನಂತ ದಿವಸಾ ಹತ್ತ ಸಲ ನೋಡ್ತೀನಿ. ಕಾಕಾ ಅಂತ ತಿಳದಾಗೂ ಹಂಗ ನೋಡ್ತಿದ್ನಿ. ಯಾಕ ಅಂತ ಈಗ ಗೊತ್ತಾತು.”

ಅವಳ ಕಣ್ಣಲ್ಲಿ ನೀರು ಬಂತು. ಭರತ ತೀರಿಕೊಂಡ ಮೇಲೆ ಮೊದಲ ಸಲ... ಆದರೂ ಮುಖ ಬಿಗಿದೇ ಇತ್ತು.

“ನನ್ನ ಸಿಟ್ಟು ಇಳದಿಲ್ಲ ಇನ್ನೂ.”

“ಇಳಿಯೂತನಾ ಇರ್ತೀನ್ರಿ.”

“ಭಾಳ ದಿವಸ ಹಿಡೀತೈತಿ.”

“ಹಿಡೀಲಿ.”

ಅವನು ಗಾಡಿ ಹತ್ತಲು ಬಂದಾಗ ಅವಳು ಸ್ವಲ್ಪ ಸರಿದಳು.

“ಈ ಕಡೆ ಕುಂಡರ್ರಿ,” ಎಂದಳು. “ಆ ಕಡೆ ಬಿಸಲೈತಿ.”