ನಾಲ್ಕನೆಯ ಮುಖ

"ಆ ಕ್ಯಾಮೆರಾ ಹೊರಗೆ ತೆಗೀಬೇಡಮ್ಮಾ. ಅದರೊಳಗಿನ ಕ್ಯಾಸೆಟ್ಟನ್ನಂತೂ ಹಾಕಲೇಬೇಡ," ಅಂದರು ಅತ್ತೆ. ಹೇಳುವಾಗ ಅವರ ಕಣ್ಣು ಸೊಸೆಯ ಮೇಲಿರಲಿಲ್ಲ. ಕಪಾಟಿನ ಮೇಲರೆಯಲ್ಲಿ ಕೆಂಪು ಬಟ್ಟೆ ಸುತ್ತಿಟ್ಟಿದ್ದ ಗಂಟಿನ ಮೇಲಿತ್ತು.

ಸೊಸೆ ಈ ಮನೆಗೆ ಬಂದು ಮೂರು ತಿಂಗಳು. ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದೇ ಅವಳ ಕಸುಬು. "ಯಾಕತ್ತೆ, ಕಚ್ಚುತ್ತಾ?" ಅಂತ ನಕ್ಕಳು.

ಅತ್ತೆ ನಗಲಿಲ್ಲ. ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು. ಇಪ್ಪತ್ತು ವರ್ಷದ ಹಿಂದೆ, ವಿಡಿಯೊ ತೆಗೆಯುವವನೊಬ್ಬ ಅವರ ನಾದಿನಿಯನ್ನು ಮದುವೆಗೆ ಕೇಳಿದ್ದ. ಮನೆಯವರು ಒಪ್ಪಲಿಲ್ಲ. ಅಷ್ಟಕ್ಕೆ ಬಿಡದೆ, ಅವನ ಸೊಟ್ಟ ಕಾಲನ್ನು ಆಡಿಕೊಂಡು ಎಲ್ಲರೂ ನಕ್ಕರು. ಅವನೂ ನಕ್ಕ. ಮುಂದಿನ ವಾರ ಬಂದು, ಮನೆಯವರನ್ನೆಲ್ಲ ತಾರಸಿಯ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಚಿತ್ರ ತೆಗೆದ. ಕ್ಯಾಮೆರಾವನ್ನು ಕ್ಯಾಸೆಟ್ಟಿನ ಸಮೇತ ಇಲ್ಲೇ ಬಿಟ್ಟು ಹೋದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

"ಮೊದಲ ಸಲ ಹಾಕಿದಾಗ ನಾದಿನಿ ಮುಖ ಬಂತು, ಅಷ್ಟರಲ್ಲಿ ಕರೆಂಟು ಹೋಯ್ತು. ಸಂಜೆಗೆ ಅವಳಿಲ್ಲ. ಎರಡನೇ ಸಲ ನಮ್ಮ ಮಾವನವರು. ಮೂರನೇ ಸಲ ಯಜಮಾನ್ರು. ಮಾಟ ಮಾಡಿಸಿಟ್ಟಿದಾನೆ ಕಣಮ್ಮಾ. ತೆಗೆಸೋಕೆ ಹೋದ ಕಡೆಯೆಲ್ಲ ಒಂದೇ ಮಾತು. ಸುಟ್ಟರೆ ಅದರಲ್ಲಿರೋರೆಲ್ಲ ಒಟ್ಟಿಗೆ ಹೋಗ್ತಾರೆ, ಮುಟ್ಟದೆ ಇಡಿ ಅಂತ. ನಾಲ್ಕನೆಯವನು ನನ್ನ ಮಗ."

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಬ್ಬರಿಗೆ ಹೃದಯದ ಕಾಯಿಲೆಯಿತ್ತು, ಒಬ್ಬರಿಗೆ ಎಂಬತ್ತು ದಾಟಿತ್ತು, ಒಬ್ಬರಿಗೆ ಬಸ್ಸು ಗುದ್ದಿತ್ತು. ಇದರಲ್ಲಿ ಮಾಟ ಎಲ್ಲಿಂದ ಬಂತು? ಅವಳಿಗೆ ಬೇಕಾಗಿದ್ದುದು ಇಷ್ಟೇ. ಗಂಡನ ಬಾಲ್ಯದ ಒಂದು ಚಿತ್ರವೂ ಈ ಮನೆಯಲ್ಲಿರಲಿಲ್ಲ. ಏಳು ವರ್ಷದ ಹುಡುಗನಾಗಿದ್ದಾಗ ಅವನು ಹೇಗಿದ್ದ ಅಂತ ನೋಡಬೇಕು, ಹುಟ್ಟುಹಬ್ಬಕ್ಕೆ ಅವನಿಗೂ ತೋರಿಸಬೇಕು.

ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋದ ಮಧ್ಯಾಹ್ನ ಅವಳು ಗಂಟು ಬಿಚ್ಚಿದಳು.

ಸುಟ್ಟ ಕೂದಲಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಹಳೇ ಬ್ಯಾಟರಿ ಸೋರಿರಬೇಕು ಅಂದುಕೊಂಡಳು. ಬ್ಯಾಟರಿ ಬಿಸಾಕಿ ಚಾರ್ಜರಿನ ವೈರನ್ನೇ ಚುಚ್ಚಿದಳು. ಕೆಂಪು ದೀಪ ಹೊತ್ತಿತು. ಆದರೆ ಕಂಪ್ಯೂಟರಿಗೆ ಮಾತ್ರ ಅದು ಕಾಣಲೊಲ್ಲದು. 'ಕ್ಯಾಮೆರಾ ಸಿಗುತ್ತಿಲ್ಲ.' ಕೇಬಲ್ ಬದಲಿಸಿದಳು. 'ಕ್ಯಾಮೆರಾ ಸಿಗುತ್ತಿಲ್ಲ.' ಆ ಕಾಲದ ಕೇಬಲ್ಲಿಗೆಂದೇ ಹುಡುಕಿ ತಂದಿದ್ದ ಕಾರ್ಡನ್ನು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂರಿಸಿದಳು. 'ಸಿಗುತ್ತಿಲ್ಲ.' ಹೊಸ ಡ್ರೈವರ್ ಸಾಫ್ಟ್‌ವೇರ್ ಕಿತ್ತು ಹಳೆಯದನ್ನು ಹಾಕಿದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಅವಳಿಗೆ ಹಟ. ಕಾಟನ್ನಿಗೆ ಸ್ಪಿರಿಟ್ ಅದ್ದಿ ಕ್ಯಾಮೆರಾದಲ್ಲಿ ಕ್ಯಾಸೆಟ್ಟು ಓದುವ ಹೆಡ್ಡನ್ನು ಒರೆಸಿದಳು. ಕಾಟನ್ ಕರ್ರಗಾಯಿತು. ಅದರಲ್ಲಿ ಉದ್ದನೆಯ ಕೂದಲೊಂದು ಅಂಟಿಕೊಂಡು ಬಂತು. ಊದಿ ಹಾರಿಸಿದಳು.

ಮತ್ತೆ ಒತ್ತಿದಳು. ಪರದೆ ಮಿಣುಕಿತು.

ತಾರಸಿ. ಬಿಸಿಲು. ಚಿತ್ರ ಚೌಕ ಚೌಕವಾಗಿ ಒಡೆದು ಕೂಡಿಕೊಳ್ಳುತ್ತಿತ್ತು. ಎರಡು ಜಡೆಯ ಹೆಣ್ಣೊಬ್ಬಳು ನಾಚಿ ನಕ್ಕಳು. ಕೋಲೂರಿದ ಮುದುಕರೊಬ್ಬರು ಕೆಮ್ಮಿದರು. ಆಮೇಲೆ ಮಾವ, ಗಂಡನದೇ ಮೂಗು, ಗಂಡನದೇ ಗಲ್ಲ. ಅವರು ಪಕ್ಕಕ್ಕೆ ತಿರುಗಿ ಕೈ ಬೀಸಿದರು. "ಬಾರೋ, ಬಾ. ನಿನ್ನದೂ ಬರಲಿ."

ಕೋಣೆಯಲ್ಲಿ ವಾಸನೆ ದಟ್ಟವಾಯಿತು. ಕ್ಯಾಮೆರಾದೊಳಗೆ ಯಾರೋ ಹಲ್ಲು ಕಡಿದ ಸದ್ದು. ಮೂವರೂ ಚೌಕಟ್ಟಿನಿಂದ ಆಚೆ ಹೋಗದೆ ಹಿಂದೆ ಸಾಲಾಗಿ ನಿಂತಿದ್ದನ್ನು ಅವಳು ಆಗ ಕಂಡಳು. ಯಾರ ಮುಖದಲ್ಲೂ ನಗುವಿಲ್ಲ. ಮೂವರೂ ಅವಳನ್ನೇ ನೋಡುತ್ತಿದ್ದರು. ಬೇಡ ಅನ್ನುವಂತೆ ತಲೆ ಅಲ್ಲಾಡಿಸುತ್ತಿದ್ದರು.

ಚಿತ್ರದ ಅಂಚಿನಲ್ಲಿ ಪುಟ್ಟ ಭುಜವೊಂದು ಮೂಡಿತು.

ಅವಳು ನಿಲ್ಲಿಸುವ ಗುಂಡಿ ಒತ್ತಿದಳು. ನಿಲ್ಲಲಿಲ್ಲ. ಕ್ಯಾಸೆಟ್ಟಿನ ಬಾಗಿಲು ಎಳೆದಳು. ಬರಲಿಲ್ಲ. ಕಿವಿ ಕಂಡಿತು. ಕೆನ್ನೆ ಕಂಡಿತು. ಕೇಬಲ್ ಕಿತ್ತಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹುಡುಗ ಇನ್ನೂ ತಿರುಗುತ್ತಲೇ ಇದ್ದ. ಚಾರ್ಜರ್ ಕಿತ್ತಳು. ಪರದೆ ಆರಲಿಲ್ಲ. ಸುಡುವ ಹಾಗಿಲ್ಲ. ಒಡೆಯುವ ಹಾಗಿಲ್ಲ. ಅಳಿಸಬಹುದು! ಸ್ವಿಚ್ಚನ್ನು ಚಿತ್ರ ತೆಗೆಯುವ ಕಡೆಗೆ ತಳ್ಳಿದಳು. ಲೆನ್ಸಿನ ಮೇಲೆ ಅಂಗೈ ಒತ್ತಿ ಹಿಡಿದಳು. ಕೆಂಪು ಗುಂಡಿ ಅದುಮಿದಳು.

ಪರದೆ ಕಪ್ಪಾಯಿತು. ಕ್ಯಾಸೆಟ್ಟು ಸುತ್ತುತ್ತಿತ್ತು. ಹುಡುಗನಿದ್ದ ಜಾಗದಲ್ಲಿ ಈಗ ಬರೀ ಅವಳ ಅಂಗೈಯ ಕತ್ತಲು.

ಇನ್ನೊಂದು ಕೈಯಲ್ಲಿ ಗಂಡನಿಗೆ ಫೋನು ಹಚ್ಚಿದಳು. ಅವನದು ಲಿಫ್ಟು ರಿಪೇರಿ ಕೆಲಸ. ಎತ್ತಿದ.

"ರೀ! ಎಲ್ಲಿದೀರಿ?"

"ಲಿಫ್ಟಿನ ತಲೆ ಮೇಲೆ, ಒಂಬತ್ತನೇ ಮಹಡಿ. ಯಾಕೇ, ಅಳ್ತಿದೀಯಾ?"

"ಇಲ್ಲ. ಏನಿಲ್ಲ. ಸುಮ್ನೆ," ಅಂದಳು. ಅಲ್ಲೇ ನೆಲದ ಮೇಲೆ ಕೂತಳು. ಬದುಕಿದಾನೆ. ಮಾತಾಡ್ತಿದಾನೆ. ಅಳುತ್ತಲೇ ನಕ್ಕಳು.

"ಹುಚ್ಚಿ. ಸಂಜೆ ಬೇಗ ಬರ್ತೀನಿ, ಎಲ್ಲಾದರೂ ಹೋಗಿಬರೋಣ," ಅಂದ ಅವನು.

ಆಗ ಕಂಪ್ಯೂಟರ್ ಟಣ್ ಎಂದಿತು.

ಕೇಬಲ್ ಕೀಳುವವರೆಗೆ ಬಂದಿದ್ದಷ್ಟನ್ನು ಅದು ಚಾಚೂ ತಪ್ಪದೆ ಉಳಿಸಿಕೊಂಡಿತ್ತು. ಉಳಿಸಿದ್ದನ್ನು ತಾನಾಗಿ ತೋರಿಸುವಂತೆ ಅದಕ್ಕೆ ಹೇಳಿಕೊಟ್ಟವಳೂ ಅವಳೇ. ಕೀಳುವಾಗ ಕೆನ್ನೆಯಷ್ಟೇ ಬಂದಿತ್ತು; ಈಗ ಪರದೆಯ ತುಂಬ ಹುಡುಗನ ಮುಖ. ಒಂದು ಚೌಕವೂ ಒಡೆದಿರಲಿಲ್ಲ. ಎಷ್ಟು ನಿಚ್ಚಳವೆಂದರೆ ಕಣ್ಣೆವೆ ಎಣಿಸಬಹುದಿತ್ತು. ಅವನು ನೇರವಾಗಿ ನೋಡಿ ನಕ್ಕ. ಮುಂದಿನ ಹಲ್ಲು ಬಿದ್ದಿತ್ತು.

"ಬಾರೋ, ಬಾ," ಅಂದಿತು ದನಿ.

"ಅಪ್ಪಾ?" ಅಂದ ಗಂಡ, ಫೋನಿನಲ್ಲಿ. "ಅಪ್ಪನ ಧ್ವನಿ ಅಲ್ವೇನೇ ಇದು? ನನ್ನ ಹಿಂದೆಯಿಂದ..."

"ತಿರುಗಬೇಡಿ! ರೀ, ತಿರುಗಬೇಡಿ!"

ತಂತಿ ತುಂಡಾದ ಸದ್ದು. ಗಾಳಿ. ಉದ್ದನೆಯ ಗಾಳಿ. ಆಮೇಲೆ ಏನೂ ಇಲ್ಲ.

ಎಲ್ಲ ಮುಗಿದು, ಬಂದ ಜನ ಚದುರಿದ ಮೇಲೆ ಸೊಸೆ ಅತ್ತೆಯ ಕಾಲ ಬಳಿ ಕೂತು ನಡೆದದ್ದೆಲ್ಲ ಹೇಳಿದಳು. ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಹೋಗಿ ತಲೆ ಬಾಚಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಕ್ಯಾಸೆಟ್ಟು ಹಾಕು," ಅಂದರು. "ಅವನಾದ ಮೇಲೆ ನಾನಿದ್ದೆ. ನೀಲಿ ಸೀರೆ ಉಟ್ಟು ನಿಂತಿದ್ದೆ. ಹಾಕಮ್ಮಾ, ನಾನೂ ಹೋಗ್ತೀನಿ."

ಸೊಸೆ ಕ್ಯಾಮೆರಾ ಎತ್ತಿಕೊಂಡಳು. ಆ ನೀಲಿ ಸೀರೆ ಅದರಲ್ಲಿ ಉಳಿದಿರಲಿಲ್ಲ. ಆ ಮಧ್ಯಾಹ್ನ ಅವಳ ಕೈಯಿಂದ ಜಾರಿ ಮಗುಚಿಬಿದ್ದ ಕ್ಯಾಮೆರಾ ಕ್ಯಾಸೆಟ್ಟು ಮುಗಿಯುವವರೆಗೂ ನೆಲದ ಕತ್ತಲನ್ನೇ ತುಂಬಿಕೊಂಡಿತ್ತು. ಕ್ಯಾಸೆಟ್ಟನ್ನು ಹುಡುಗನಿದ್ದ ಜಾಗಕ್ಕೆ ತಂದು, ಕ್ಯಾಮೆರಾವನ್ನು ಟೀವಿಗೆ ಜೋಡಿಸಿದಳು. ಈಗ ಎಲ್ಲವೂ ಮೊದಲ ಸಲಕ್ಕೇ ಸಿಕ್ಕಿತು.

ಪರದೆ ಕಪ್ಪಗಿತ್ತು. ಕತ್ತಲೊಳಗಿಂದ ಅವಳದೇ ಅಳು, ಅವಳದೇ ಕೂಗು ಕೇಳಿ ನಿಂತಿತು. ಆಮೇಲೆ ಬರೀ ಕತ್ತಲು. ಅತ್ತೆ ಕಣ್ಣು ಕಿರಿದು ಮಾಡಿ, ಕುರ್ಚಿ ಹತ್ತಿರಕ್ಕೆ ಎಳೆದು, ತಮ್ಮ ಸರದಿಗಾಗಿ ಕಾದರು. ಕೊನೆಗೆ ಕ್ಯಾಸೆಟ್ಟು ಟಕ್ಕೆಂದು ನಿಂತಿತು.

"ಬರಲಿಲ್ಲ," ಅಂದರು ಅತ್ತೆ. "ಇನ್ನೊಂದ್ಸಲ ಹಾಕು."

ಸೊಸೆ ಹಿಂದಕ್ಕೆ ಸುತ್ತಿದಳು.